ಮಾರುವ ಮುಂಚೆ ಇನ್ನೆರಡು ಪೋರ್ಷನ್ ಕಟ್ಟಿಸಲೇ?

ಮನೆ–ಜಾಗ: ಓದುಗರ ಪ್ರಶ್ನೆ, ನಿವೃತ್ತ ಎಂಜಿನಿಯರ್ ಉತ್ತರ

ಪ್ರಶ್ನೆ: ಸರ್, ನಾನು ನಿವೃತ್ತ ಪ್ರೈಮರಿ ಶಾಲೆ ಟೀಚರ್. ವಯಸ್ಸು 62. ಬಳ್ಳಾರಿ ಕೌಲ್ ಬಜಾರ್ ಕಡೆ 30–40 ಸೈಟಿನಲ್ಲಿ ನಮ್ಮ ಮನೆ ಇದೆ. 2003ರಲ್ಲಿ ಕಟ್ಟಿದ್ದು. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ಕೆಳಗೆ ಎರಡು ಪೋರ್ಷನ್, ಮೇಲೆ ಮುಂಭಾಗದಲ್ಲಿ ಒಂದು. ಮುಂದಿನದರಲ್ಲಿ ನಾನೊಬ್ಬಳೇ ಇದ್ದೇನೆ. ಹಿಂದಿನದರಲ್ಲಿ ನಾಲ್ಕು ಜನರ ಸಂಸಾರ, 6,000 ಬಾಡಿಗೆ. ಮೇಲಿನವರು ಐದು ಜನ, 4 ಲಕ್ಷ ಭೋಗ್ಯಕ್ಕಿದ್ದಾರೆ. ಮುಂದಿನ ವರ್ಷ ಮನೆ ಮಾರಿ ಹೈದರಾಬಾದಿಗೆ ಮಗನ ಹತ್ತಿರ ಹೋಗಬೇಕೆಂದಿದ್ದೇನೆ. ಬ್ರೋಕರ್ ಹೇಳುವುದು, ಹೀಗೇ ಮಾರಿದರೆ 75 ಲಕ್ಷ, ಐದು ಪೋರ್ಷನ್ ಮಾಡಿ ಮಾರಿದರೆ ಬಾಡಿಗೆ ನೋಡಿ ಕಣ್ಣುಮುಚ್ಚಿ 95 ಕೊಡುತ್ತಾರೆ ಅಂತ. ಮೇಲೆ ಹಿಂಭಾಗದ ಖಾಲಿ ಮಾಳಿಗೆಯಲ್ಲಿ ಆರ್‌ಸಿಸಿ ಮನೆಗೆ ಮೇಸ್ತ್ರಿ 9 ಲಕ್ಷ ಹೇಳಿದ್ದಾನೆ. ಅದರ ಮೇಲೆ ತಗಡಿನ ಮನೆಗೆ 5 ಲಕ್ಷ. ಒಂದನ್ನು 5 ಲಕ್ಷಕ್ಕೆ, ಇನ್ನೊಂದನ್ನು ಮೂರೂವರೆಗೆ ಭೋಗ್ಯಕ್ಕೆ ಕೊಟ್ಟರೆ ಕಟ್ಟಿದ ಖರ್ಚು ಬಹಳಷ್ಟು ಬಂದೇ ಬಿಡುತ್ತದೆ ಅಲ್ವಾ? ನೀರು ಐದು ದಿನಕ್ಕೊಮ್ಮೆ ಬರುತ್ತದೆ. ಸಂಪು 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ. ಏನು ಮಾಡಲಿ?

ಬರೆಯುವುದು ಮರೆತೆ: ಖಾತಾ ಇನ್ನೂ ನಮ್ಮ ಯಜಮಾನರ ಹೆಸರಲ್ಲೇ ಇದೆ. ಅವರು ತೀರಿಕೊಂಡು ನಾಲ್ಕು ವರ್ಷ. ಮಗ, ಮಗಳು ಇಬ್ಬರೂ ಮಾರುವುದಕ್ಕೆ ಒಪ್ಪಿದ್ದಾರೆ.

— ಹೆಸರು ಬೇಡ, ಬಳ್ಳಾರಿ

ಉತ್ತರ: ಮೇಡಂ, ಈ ಅಂಕಣಕ್ಕೆ ಬರುವ ಪತ್ರಗಳನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಜನ ಮರೆತು ಬರೆಯುವ ಕೊನೆ ಸಾಲಿನಲ್ಲೇ ಅಸಲು ಸಂಗತಿ ಇರುತ್ತದೆ. ನಿಮ್ಮ ಪತ್ರದಲ್ಲೂ ಹಾಗೇ ಆಗಿದೆ.

ಖಾತಾ ಯಜಮಾನರ ಹೆಸರಲ್ಲಿರುವ ತನಕ ನೀವು ಆ ಮನೆ ಮೇಲೆ ಒಂದು ಇಟ್ಟಿಗೆ ಇಡುವುದಕ್ಕೂ ಪ್ಲಾನ್ ಮಂಜೂರು ಮಾಡಿಸಲು ಆಗುವುದಿಲ್ಲ. ತೀರಿಕೊಂಡವರ ಹೆಸರಲ್ಲಿ ಅರ್ಜಿ ಹಾಕುವವರು ಯಾರು? ಅವರು ವಿಲ್ ಬರೆಯದೆ ಹೋಗಿದ್ದರೆ ನಿಮಗೆ, ಮಗನಿಗೆ, ಮಗಳಿಗೆ ಸಮಪಾಲು. ಅವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಇದನ್ನು ಬಹಳ ಜನ ಮರೆಯುತ್ತಾರೆ. ಮಕ್ಕಳು ಒಪ್ಪಿದ್ದಾರೆ ಎಂದು ಬರೆದಿದ್ದೀರಿ, ಸಂತೋಷ. ಆದರೆ ಫೋನಿನಲ್ಲಿ ಒಪ್ಪಿದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದಿಲ್ಲ. ಮರಣ ಪತ್ರ, ವಂಶವೃಕ್ಷ ಇಟ್ಟುಕೊಂಡು ಪಾಲಿಕೆಯಲ್ಲಿ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತಾ ಬದಲಾವಣೆ, ಮಾಡಿಸಿ. ಅದು ಆದ ಮೇಲೆ ಇ-ಖಾತಾ. ಈಗ ಇ-ಖಾತಾ ಇಲ್ಲದೆ ಪಟ್ಟಣದ ಆಸ್ತಿ ನೋಂದಣಿಯೇ ಆಗುವುದಿಲ್ಲ. ನೀವು ಐದಲ್ಲ, ಹತ್ತು ಪೋರ್ಷನ್ ಕಟ್ಟಿಸಿದರೂ ಈ ಕಾಗದ ಇಲ್ಲದಿದ್ದರೆ ಕೊಳ್ಳುವವನು ಅಡ್ವಾನ್ಸ್ ಕೊಟ್ಟು ಕೂತಿರಬೇಕು, ನೀವು ಕಚೇರಿ ಮೆಟ್ಟಿಲು ಹತ್ತುತ್ತಿರಬೇಕು.

ಇನ್ನು ಭೋಗ್ಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ.

ಭೋಗ್ಯದ ಹಣ ಬಾಡಿಗೆಯಲ್ಲ ಮೇಡಂ, ಸಾಲ. ಅವರು ಮನೆ ಬಿಡುವ ದಿನ ಎಣಿಸಿ ಕೈಗೆ ಕೊಡಬೇಕಾದ ದುಡ್ಡು. ನೀವು ಮಾರಿದರೂ ಅವರ ಕರಾರು ಹರಿದು ಹೋಗುವುದಿಲ್ಲ. ಕೊಳ್ಳುವವನು ನಿಮ್ಮ ಜಾಗದಲ್ಲಿ ಬಂದು ನಿಲ್ಲುತ್ತಾನೆ. ಹಾಗಾಗಿ ಅವನು ಆ ಮೊತ್ತವನ್ನು ಬೆಲೆಯಲ್ಲೇ ಹಿಡಿದುಕೊಳ್ಳುತ್ತಾನೆ. ಬನ್ನಿ, ಒಂದು ಹಾಳೆ ತೆಗೆದುಕೊಳ್ಳಿ. ನೀವು ಟೀಚರ್, ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ.

ಹೀಗೇ ಮಾರಿದರೆ 75. ಅದರಲ್ಲಿ ಮೇಲಿನವರ ಭೋಗ್ಯ 4 ಕಳೆಯಿರಿ. ಕೈಗೆ 71. ಈಗ ಬ್ರೋಕರ್ ಹೇಳಿದಂತೆ ಐದು ಪೋರ್ಷನ್ ಮಾಡಿ, 95 ಸಿಕ್ಕೇಬಿಟ್ಟಿತು ಎನ್ನಿ. ಹಳೇ ಭೋಗ್ಯ 4, ಹೊಸದು ಎಂಟೂವರೆ, ಒಟ್ಟು ಹನ್ನೆರಡೂವರೆ ಕಳೆಯಿರಿ. ಉಳಿದದ್ದು ಎಂಬತ್ತೆರಡೂವರೆ. ಕಟ್ಟಿದ ಖರ್ಚು 14ರಲ್ಲಿ ಎಂಟೂವರೆ ಭೋಗ್ಯದಿಂದ ಬಂತು, ಮಿಕ್ಕ ಐದೂವರೆ ನಿಮ್ಮ ಪಿಂಚಣಿ ಉಳಿತಾಯದ್ದು. ಅದನ್ನೂ ಕಳೆದರೆ 77. ಅಂದರೆ ಇಷ್ಟೆಲ್ಲ ಮಾಡಿ ನಿಮಗೆ ಸಿಕ್ಕಿದ್ದು 6 ಲಕ್ಷ. ಬೆಲೆ ಏರಿದ್ದು 20, ಖರ್ಚು 14, ವ್ಯತ್ಯಾಸ 6. ಭೋಗ್ಯದ ಎಂಟೂವರೆ ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಹೋಯಿತು. ಖರ್ಚು ಬಂದುಬಿಡುತ್ತದೆ ಎಂದು ನೀವು ಬರೆದದ್ದು ಬರಲೇ ಇಲ್ಲ ನೋಡಿ.

ಆ ಆರರಲ್ಲೂ ಬ್ರೋಕರ್ ಕಮಿಷನ್ ಹೋಗಬೇಕು. ಮೇಸ್ತ್ರಿ ಹೇಳಿದ 14 ಎಂದೂ 14ಕ್ಕೆ ನಿಲ್ಲುವುದಿಲ್ಲ. ಮೂವತ್ತು ವರ್ಷ ಕಟ್ಟಡದ ಕೆಲಸ ನೋಡಿದ್ದೇನೆ, ನಿಂತದ್ದನ್ನು ಒಂದು ಸಲವೂ ನೋಡಿಲ್ಲ. ಜೊತೆಗೆ ಒಂದು ವರ್ಷದ ಧೂಳು, ಸೆಂಟ್ರಿಂಗ್ ಸದ್ದು, ಹಿಂದಿನ ಮನೆಯವರ ಗೊಣಗಾಟ. ಇದೂ 95 ಸಿಕ್ಕರೆ ಮಾತ್ರ. 85ಕ್ಕೆ ನಿಂತರೆ ನೀವೇ 4 ಲಕ್ಷ ಕೈಯಿಂದ ಹಾಕಿ ಮನೆ ಮಾರಿದ ಹಾಗೆ.

85ಕ್ಕೇ ಏಕೆ ನಿಲ್ಲುತ್ತದೆ ಎಂದು ಕೇಳುತ್ತೀರಿ. ನನ್ನದೇ ಕಥೆ ಹೇಳುತ್ತೇನೆ. ಹೇಳಲು ಸ್ವಲ್ಪ ನಾಚಿಕೆ.

2009ರಲ್ಲಿ ನಮ್ಮಪ್ಪನ ಮನೆ ಮಾಳಿಗೆ ಮೇಲೆ ಎರಡು ಕೋಣೆ, ಒಂದು ಬಚ್ಚಲು ಹಾಕಿಸಿದೆ. ಪ್ಲಾನ್ ಗೀನ್ ಏನೂ ಇಲ್ಲ. ಆಗ ನಾನು ಬೇರೆ ಊರಿನ ನಗರಸಭೆಯಲ್ಲಿ ಕೆಲಸದಲ್ಲಿದ್ದೆ. ಅನುಮತಿ ಇಲ್ಲದೆ ಕಟ್ಟಿದವರಿಗೆ ನೋಟಿಸ್ ಬರೆಯುವುದೇ ನನ್ನ ಕೆಲಸ. ನಮ್ಮ ಮನೆಗೆ ಮಾತ್ರ ಸುಮ್ನೆ ಇದ್ದೆ. ನಾಲ್ಕು ವರ್ಷದ ಮೇಲೆ ಮನೆ ಮಾರಲು ಹೊರಟೆವು. ತೋರಣಗಲ್ಲಿನಲ್ಲಿ ನೌಕರಿ ಮಾಡುವ ಹುಡುಗ ಒಬ್ಬ ಬಂದ. ಹೆಂಡತಿಗೂ ಮನೆ ಇಷ್ಟವಾಯಿತು. ಬೆಲೆ ಕುದುರಿತು. ಅವನ ಬ್ಯಾಂಕಿನಿಂದ ಮನೆ ಅಳೆಯುವವರು ಬಂದರು. ಕೈಯಲ್ಲಿ ಟೇಪು, ನಾಲ್ಕು ಮಡಿಕೆಯ ಹಳೇ ಪ್ಲಾನ್ ನಕಲು. ಕೆಳಗೆಲ್ಲ ಅಳೆದರು. ಮೇಲೆ ಬಂದರು. ಕೋಣೆ ಬಾಗಿಲಲ್ಲಿ ನಿಂತು ಪ್ಲಾನ್ ನೋಡಿದರು, ನನ್ನ ಮುಖ ನೋಡಿದರು. "ಇದು ಇದರಲ್ಲಿ ಇಲ್ಲವಲ್ಲ ಸರ್" ಎಂದರು. ಟೇಪನ್ನು ಬಿಚ್ಚಲೂ ಇಲ್ಲ. ಜೇಬಿಗೆ ಹಾಕಿಕೊಂಡು ಮೆಟ್ಟಿಲು ಇಳಿದರು.

ಆ ಎರಡು ಕೋಣೆಗೆ ಸಿಕ್ಕಿದ್ದು ಸೊನ್ನೆ. ಸಾಲ ಕಡಿಮೆ ಬಂತು. ಹುಡುಗ ಉಳಿದದ್ದನ್ನು ಹೊಂದಿಸಲಾರದೆ ಬೆಲೆ ಇಳಿಸಿ ಎಂದ. ಇಳಿಸಿದೆವು.

ಅನುಮತಿ ಇಲ್ಲದ ಪೋರ್ಷನ್ ಕಟ್ಟಿದರೆ ಆಗುವುದೇ ಇದು. ಬ್ಯಾಂಕ್ ಸಾಲದ ಮೇಲೆ ಕೊಳ್ಳುವವರು ದೂರ ಸರಿಯುತ್ತಾರೆ. ಪೂರ್ತಿ ನಗದು ಕೊಡುವವರು ಉಳಿಯುತ್ತಾರೆ. ನಗದು ಇರುವವನಿಗೆ ಕಣ್ಣುಮುಚ್ಚುವ ಅಭ್ಯಾಸವೇ ಇರುವುದಿಲ್ಲ, ಅವನು ಎರಡೂ ಕಣ್ಣು ಬಿಟ್ಟುಕೊಂಡು ಚೌಕಾಸಿ ಮಾಡುತ್ತಾನೆ. ಅಲ್ಲದೆ ನಮ್ಮ ಊರುಗಳಲ್ಲಿ ಬಾಡಿಗೆ ಗುಣಿಸಿ ಮನೆ ಕೊಳ್ಳುವವರು ಕಡಿಮೆ. ಸೈಟು ಚದರಡಿಗೆ ಎಷ್ಟು, ರಸ್ತೆ ಎಷ್ಟು ಅಗಲ, ಬಾಗಿಲು ಯಾವ ದಿಕ್ಕು, ಕಾಗದ ಸರಿ ಇದೆಯೇ. ಇಷ್ಟು ಕೇಳಿದ ಮೇಲೆ ಬಾಡಿಗೆ ಮಾತು. ತಾವೇ ಇರಲು ಕೊಳ್ಳುವವರಿಗಂತೂ ಐದು ಅಡಿಗೆಮನೆ ಕಂಡರೆ ತಲೆನೋವು. ಅಕ್ರಮ–ಸಕ್ರಮ ಬರುತ್ತದೆ, ಆಮೇಲೆ ಸರಿ ಮಾಡಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಅನುಮತಿ ತೆಗೆದುಕೊಂಡೇ ಕಟ್ಟಿಸುತ್ತೇನೆ ಎನ್ನುತ್ತೀರಾ? ಸರಿ. ಆಗ ಮೊದಲು ಪಾಯ ನೋಡಬೇಕು. ಮೇಸ್ತ್ರಿಗೆ ಹೇಳಿ ಹಿಂದಿನ ಗೋಡೆ ಪಕ್ಕದಲ್ಲಿ ಒಂದು ಗುಂಡಿ ತೆಗೆಸಿ. ಮೂರಡಿ ಅಗಲ ಸಾಕು, ಆದರೆ ಪಾಯದ ಕಲ್ಲು ಮುಗಿಯುವ ತನಕ ಇಳಿಯಲಿ. ಪಾಯದ ತಳಕ್ಕಿಂತ ಕೆಳಗೆ ಹಾರೆ ಹಾಕಬಾರದು, ಮತ್ತು ಒಂದೇ ಕಡೆ ತೆಗೆಸಿ. ಬಳ್ಳಾರಿ ಗುಡ್ಡದ ಬುಡದಲ್ಲಿ ಗರಸು, ಬಂಡೆ ಬೇಗ ಸಿಗುತ್ತದೆ. ಸಿರುಗುಪ್ಪ, ಮೋಕಾ ಕಡೆ ಹೋದಂತೆ ಎರೆಮಣ್ಣು. ನಿಮ್ಮ ಗುಂಡಿಯ ತಳದಲ್ಲಿ ಕೆಂಪು ಗರಸು ಬಂದು ಹಾರೆ ಟಣ್ ಎಂದರೆ ಒಳ್ಳೆಯದು. ಕಪ್ಪು ಮಣ್ಣು ಹಿಡಿದರೆ ಉಂಡೆಯಾಗುವಂತೆ ಬಂದರೆ ಅಲ್ಲಿಗೇ ನಿಲ್ಲಿಸಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಪಿಲ್ಲರ್ ಇಲ್ಲದ ಹಳೇ ಮನೆ ನಿಂತಿದ್ದರೆ ಇನ್ನೆರಡು ಅಂತಸ್ತಿನ ಭಾರ ಹೊರಿಸುವ ಮಾತೇ ಬೇಡ.

ಇನ್ನೊಂದು ಕೆಲಸ ನೀವೇ ಮಾಡಬಹುದು. ಕಿಟಕಿ ಮೂಲೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಇದೆಯೇ ನೋಡಿ. ಇದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೆ ಬಿರುಕು ಗೆರೆ ದಾಟಿದ್ದರೆ ಪಾಯ ಇನ್ನೂ ಓಡಾಡುತ್ತಿದೆ ಎಂದರ್ಥ. ಮಗುವಿನ ಎತ್ತರ ಗೋಡೆಗೆ ಗುರುತು ಹಾಕುತ್ತೇವಲ್ಲ, ಹಾಗೇ.

ಪಾಯ ಗಟ್ಟಿ ಎಂದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದುಕೊಟ್ಟರೆ ಮೊದಲ ಮಹಡಿಯ ಹಿಂಭಾಗದ ಒಂದು ಪೋರ್ಷನ್ ಯೋಚಿಸಬಹುದು. ಅದರಲ್ಲೂ ಮೇಲಿನ ಗೋಡೆ ಕೆಳಗಿನ ಒಂಬತ್ತು ಇಂಚಿನ ಗೋಡೆ ಮೇಲೇ ಕೂರಬೇಕು. ನಾಲ್ಕೂವರೆ ಇಂಚಿನ ಅಡ್ಡಗೋಡೆ ಮೇಲೆ, ಬರೀ ಸ್ಲ್ಯಾಬಿನ ನಡುವೆ ಇಟ್ಟಿಗೆ ಏರಿಸಲು ಬಿಡಬೇಡಿ. ಮೇಸ್ತ್ರಿಗಳು "ಏನಾಗಲ್ಲಮ್ಮ" ಎನ್ನುತ್ತಾರೆ. ಏನಾದರೂ ಆದಾಗ ಅವರು ಬೇರೆ ಕೆಲಸದಲ್ಲಿರುತ್ತಾರೆ.

ಅದರ ಮೇಲಿನ ತಗಡಿನ ಮನೆ? ಬೇಡವೇ ಬೇಡ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟಿದಾಗ ತಗಡಿನ ಕೆಳಗೆ ಮಧ್ಯಾಹ್ನ ಒಂದು ಗಂಟೆ ಕೂತು ನೋಡಿ. ಜೂನ್‌ನಲ್ಲಿ ಬಂದ ಬಾಡಿಗೆದಾರ ಮಾರ್ಚ್‌ಗೆ ಖಾಲಿ ಮಾಡುತ್ತಾನೆ. ಮೂರೂವರೆ ಲಕ್ಷ ಭೋಗ್ಯ ಕೊಟ್ಟವನಾದರೆ ಆ ಬೇಸಿಗೆಯಲ್ಲೇ ದುಡ್ಡು ವಾಪಸ್ ಕೇಳುತ್ತಾನೆ, ನೀವು ಅದನ್ನು ಸಿಮೆಂಟಿಗೆ ಸುರಿದು ಕೂತಿರುತ್ತೀರಿ.

ಪಾಯ ಗಟ್ಟಿ ಇದ್ದರೂ ನೀರು? ನಿಮ್ಮ ಸಂಪಿನ ಅಳತೆ ಕೊಟ್ಟದ್ದು ಬಹಳ ಒಳ್ಳೆಯದಾಯಿತು. ಎಂಟು, ಆರು, ಐದು ಗುಣಿಸಿದರೆ 240 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಮೇಲೆ ಸ್ವಲ್ಪ. ಕಂಠಮಟ್ಟ ತುಂಬಿದರೆ ಸುಮಾರು 6,800 ಲೀಟರ್. ಪಟ್ಟಣಗಳ ನೀರಿನ ಯೋಜನೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ನೀವೊಬ್ಬರು, ಹಿಂದೆ ನಾಲ್ಕು, ಮೇಲೆ ಐದು, ಒಟ್ಟು ಹತ್ತು ಜನ. ಐದು ದಿನಕ್ಕೆ 6,750 ಲೀಟರ್. ಯಜಮಾನರು ಲೆಕ್ಕ ಹಾಕಿಯೇ ಕಟ್ಟಿಸಿದ್ದರೋ ಏನೋ, ಕೂದಲೆಳೆ ವ್ಯತ್ಯಾಸವಿಲ್ಲದೆ ಸರಿಹೋಗಿದೆ. ಇನ್ನು ಎರಡು ಪೋರ್ಷನ್‌ಗೆ ಎಂಟು ಜನ ಸೇರಿಸಿ. 12,150 ಲೀಟರ್ ಬೇಕು. ನಾಲ್ಕನೇ ದಿನಕ್ಕೆ ಕಾಯಬೇಕಿಲ್ಲ, ಮೂರನೇ ದಿನವೇ ಸಂಪಿನ ತಳ ಕಾಣುತ್ತದೆ. ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಎಂದು ನಾಲ್ಕು ಸಂಸಾರ ನಿಮ್ಮ ಬಾಗಿಲಿಗೆ ಬರುತ್ತವೆ. ಮನೆ ನೋಡಲು ಬಂದವನಿಗೆ ಆ ಜಗಳ ಕೇಳಿಸಿತೋ, ಬೆಲೆ ಅಲ್ಲೇ ಬಿತ್ತು.

ಕರೆಂಟಿನ ವಿಷಯವನ್ನೂ ಒಂದು ಮಾತು. ಕೆಳಗಿನ ಎರಡು ಪೋರ್ಷನ್‌ಗೆ ಬೇರೆ ಬೇರೆ ಮೀಟರ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಗೆ ಬರುವವರು ನಲ್ಲಿಗಿಂತ ಮುಂಚೆ ಮೀಟರ್ ನೋಡುತ್ತಾರೆ. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಅದನ್ನು ಪಡೆಯಬಹುದು, ಆದರೆ ಅವರ ಮನೆಗೇ ಒಂದು ಆರ್‌ಆರ್ ನಂಬರ್, ಅಂದರೆ ಮೀಟರಿನ ಸಂಪರ್ಕ ಸಂಖ್ಯೆ, ಬೇಕು. ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದು, ಬೇಸಿಗೆಯಲ್ಲಿ ಎರಡು ಕೂಲರ್ ಓಡಿ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ ಕಟ್ಟಬೇಕು. ಹೊಸ ಪೋರ್ಷನ್‌ಗೆ ಹೊಸ ಮೀಟರ್ ಹಾಕಿಸಿದರಾಯಿತು ಎಂದುಕೊಳ್ಳಬೇಡಿ. ಪ್ಲಾನ್, ಸ್ವಾಧೀನ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ನೀರು, ಕರೆಂಟ್ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು, ಆಮೇಲೆ ಅದು ಮೊದಲಿನಷ್ಟು ಸಲೀಸಾಗಿರಲಿಲ್ಲ. ಈಗ ಏನು ನಿಯಮವೆಂದು ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿಕೊಂಡು ಬನ್ನಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಕಟ್ಟುತ್ತಿರಲಿಲ್ಲ. ಆ ವರ್ಷವನ್ನು ಕಾಗದಕ್ಕೆ ಕೊಡುತ್ತಿದ್ದೆ. ಪೌತಿ ಖಾತೆ, ಇ-ಖಾತಾ, ಈವರೆಗಿನ ಋಣಭಾರ ಪತ್ರ, ಮನೆಗಂದಾಯದ ರಸೀದಿಗಳು. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ 5 ರಿಯಾಯಿತಿ ಇದೆ. ಈಗ ಮೇಲಿರುವ ಪೋರ್ಷನ್ ಮಂಜೂರಾದ ಪ್ಲಾನ್‌ನಲ್ಲಿ ಇದೆಯೇ ಎಂದು ತೆಗೆದು ನೋಡುತ್ತಿದ್ದೆ. ಇಲ್ಲದಿದ್ದರೆ ಅದರ ಚಿಂತೆಯೇ ದೊಡ್ಡದು. ಭೋಗ್ಯದವರ ಅವಧಿ ಮುಗಿಯುತ್ತಿದ್ದಂತೆ ಅವರ 4 ಲಕ್ಷ ತೀರಿಸಿ, ಅದೇ ಮನೆಯನ್ನು ತಿಂಗಳ ಬಾಡಿಗೆಗೆ ಕೊಡುತ್ತಿದ್ದೆ. ಕಟ್ಟಲು ಎತ್ತಿಟ್ಟ ಐದೂವರೆ ಲಕ್ಷ ಇದೆಯಲ್ಲ, ಅದರಲ್ಲೇ ಕೊಡಿ. ಉಳಿದ ಒಂದೂವರೆಯಲ್ಲಿ ಮಾಳಿಗೆ ಸೋರುವುದಿದ್ದರೆ ನಿಲ್ಲಿಸಿ, ಸುಣ್ಣ ಬಣ್ಣ ಮಾಡಿಸಿ. ಖಾಲಿ ಮಾಳಿಗೆಯನ್ನು ಖಾಲಿಯೇ ಬಿಡಿ. ಕೊಳ್ಳುವವನು ಮೆಟ್ಟಿಲು ಹತ್ತಿ ಬಂದು ಅಲ್ಲಿ ನಿಂತು, ಇಲ್ಲೊಂದು ಕೋಣೆ ಹಾಕಬಹುದು ಎಂದು ಹೆಂಡತಿಗೆ ಹೇಳಲಿ. ಆ ಮಾತಿಗೆ ನೀವು ಒಂದು ಚೀಲ ಸಿಮೆಂಟೂ ಖರ್ಚು ಮಾಡಿರುವುದಿಲ್ಲ.

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮ ಮೂರು ಪೋರ್ಷನ್ ಮನೆ ಮಾರಬೇಕು. ಬಾಡಿಗೆದಾರರ 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು, ಹೊಸದು ಮಾಡಿಲ್ಲ. ಮಾರುವ ಮುಂಚೆ ಬಿಡಿಸಬೇಕೇ? ಒಬ್ಬರು ಬಿಡಲು ಸತಾಯಿಸುತ್ತಿದ್ದಾರೆ. ನೀರು ಬಂದ್ ಮಾಡಿದರೆ ತಪ್ಪೇ?

ಉತ್ತರ: ತಪ್ಪು. ಕರಾರು ಮುಗಿದರೂ ನೀವು ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದೀರಿ, ಅವರೂ ಕೊಡುತ್ತಾ ಬಂದಿದ್ದಾರೆ. ಅಂದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಬರಹದಲ್ಲಿ 15 ದಿನದ ನೋಟಿಸ್ ಕೊಡಬೇಕು. ಒಬ್ಬ ವಕೀಲರಿಂದ ಬರೆಸಿ ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆಮೇಲೂ ಬಿಡದಿದ್ದರೆ ಕೋರ್ಟು. ನೀರು, ಕರೆಂಟ್ ತೆಗೆದರೆ ಕೋರ್ಟಿಗೆ ಮೊದಲು ಹೋಗುವವರು ಅವರೇ ಆಗುತ್ತಾರೆ.

ಎಲ್ಲರನ್ನೂ ಬಿಡಿಸಲೇಬೇಕು ಎಂದೇನಿಲ್ಲ. ತಾನೇ ಇರಲು ಬರುವವನಿಗೆ ಖಾಲಿ ಮನೆ ಬೇಕು. ಗಿಣಿಗೇರಿ ಕಡೆ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಬಾಡಿಗೆ ಕೊಡೋಣ ಎಂದು ಕೊಳ್ಳುವವನಿಗೆ ಸರಿಯಾಗಿ ಬಾಡಿಗೆ ಕಟ್ಟುವ ಸಂಸಾರಗಳು ಇದ್ದರೇ ಲಾಭ. ಇಬ್ಬರ ಜೊತೆ ಹೊಸ ಕರಾರು ಮಾಡಿಕೊಳ್ಳಿ, ಸತಾಯಿಸುವವರಿಗೆ ಮಾತ್ರ ನೋಟಿಸ್. ಮಾರುವಾಗ ಯಾರ ಅಡ್ವಾನ್ಸ್ ಎಷ್ಟಿದೆ, ಅದನ್ನು ಯಾರು ವಾಪಸ್ ಕೊಡಬೇಕು ಎಂಬುದು ಕ್ರಯಪತ್ರದಲ್ಲೇ ಬರಲಿ.

ಪ್ರಶ್ನೆ: ರಾಯಚೂರಿನ ಹಳೇ ಮನೆಗೆ ಕಳೆದ ವರ್ಷ ಅನುಮತಿ ಪಡೆದು ಎರಡು ಕೋಣೆ ಸೇರಿಸಿದೆ. ಈಗ ಮಾರುತ್ತಿದ್ದೇನೆ. ಆ ಖರ್ಚನ್ನು ತೆರಿಗೆಯಲ್ಲಿ ತೋರಿಸಬಹುದೇ?

ಉತ್ತರ: ಬಹುದು, ಪುರಾವೆ ಇದ್ದರೆ. ಇಟ್ಟಿಗೆ, ಕಬ್ಬಿಣ, ಸಿಮೆಂಟಿನ ಬಿಲ್ ಇರಲಿ. ಕೂಲಿ ಹಣ ಬ್ಯಾಂಕ್ ಮೂಲಕ ಹೋಗಿದ್ದರೆ ಇನ್ನೂ ಒಳ್ಳೆಯದು. ಮನೆ ನಿಮ್ಮ ಕೈಯಲ್ಲಿ 24 ತಿಂಗಳು ದಾಟಿದ್ದರೆ ಲಾಭದ ಮೇಲೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮುಂಚೆ ಪಡೆದ ಆಸ್ತಿಯಾಗಿದ್ದರೆ ಹಣದುಬ್ಬರ ಕಳೆದು ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಹಿಡಿಯಬಹುದು. ಆದರೆ ಕಳೆದ ವರ್ಷ ಕಟ್ಟಿದ ಎರಡು ಕೋಣೆಗೆ 24 ತಿಂಗಳು ಆಗಿಲ್ಲ. ಹೊಸ ಕಟ್ಟಡದ ಪಾಲನ್ನು ಬೇರೆಯಾಗಿ, ಕಡಿಮೆ ಅವಧಿಯದೆಂದು ನೋಡುವ ಸಾಧ್ಯತೆ ಇದೆ. ಕ್ರಯಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಆಡಿಟರ್ ಹತ್ತಿರ ಹೋಗಿ. ಮೇಸ್ತ್ರಿ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟ ಲೆಕ್ಕ ಒಂದನ್ನೇ ಹಿಡಿದುಕೊಂಡು ಹೋಗಬೇಡಿ, ಅದರ ಜೊತೆ ಪಾಸ್‌ಬುಕ್ಕೂ ಇರಲಿ.